ಕಡಲಿಲ್ಲದ ಜಿಲ್ಲೆಯಲ್ಲಿ ಜಲವಿಜ್ಞಾನ: ಹೈಸ್ಕೂಲ್ ಮಕ್ಕಳಿಗೆ ಕೈಯಾರೆ ಕಲಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಿಂದ ಕಾರವಾರದ ಕಡಲತೀರಕ್ಕೆ ರಸ್ತೆಯಲ್ಲಿ 400 ಕಿಲೊಮೀಟರಿಗೂ ಹೆಚ್ಚು ದೂರವಿದೆ. ನಮ್ಮ ಹೈಸ್ಕೂಲುಗಳ ಎಷ್ಟೋ ಮಕ್ಕಳು ಸಮುದ್ರವನ್ನು ಕಂಡಿಲ್ಲ; ಉಬ್ಬರ, ಇಳಿತ, ಲವಣಾಂಶ, ಪ್ಲವಕ ಎಂಬ ಪದಗಳನ್ನು ಅವರು ಪರೀಕ್ಷೆಗೆಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಆದರೂ ಈ ಜಿಲ್ಲೆಯ ನೀರಿಗೂ ಕಡಲಿಗೂ ನಂಟು ತಪ್ಪಿಲ್ಲ. ಕಾಗಿಣಾ ಭೀಮೆಯನ್ನು ಕೂಡುತ್ತದೆ, ಭೀಮೆ ಕೃಷ್ಣೆಯನ್ನು ಕೂಡುತ್ತದೆ, ಕೃಷ್ಣೆ ಆಂಧ್ರಪ್ರದೇಶದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ಒಂದು ಕಾಲದಲ್ಲಿ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರು. ತೊಗರಿ ಹೊಲ ಕಾಯುವ ಸೆಪ್ಟೆಂಬರ್ ಮಳೆಯ ಹಿಂದೆ ಎಷ್ಟೋ ಸಲ ಇರುವುದು ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ.

ಈ ಮಾರ್ಗದರ್ಶಿ 8 ಮತ್ತು 9ನೇ ತರಗತಿಗಳ ಮಕ್ಕಳೊಂದಿಗೆ ಕೆಲಸ ಮಾಡುವ ಶಿಕ್ಷಕರಿಗಾಗಿ ಇದೆ. ಹತ್ತನೆಯ ತರಗತಿಯವರಿಗೆ ಎಸ್‌ಎಸ್‌ಎಲ್‌ಸಿಯ ಒತ್ತಡವಿರುವುದರಿಂದ ವರ್ಷಪೂರ್ತಿಯ ಕೆಲಸ ಅವರ ಮೇಲೆ ಹೇರುವುದು ಸರಿಯಲ್ಲ. ಇಲ್ಲಿ ಹೇಳುವ ಎಲ್ಲದಕ್ಕೂ ಆಧಾರವಾದ ನಿಲುವು ಇದು: ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಗೋವಾಕ್ಕೆ ಹೋಗಿ ಬರುವುದಕ್ಕಿಂತ, ಊರಿನ ಒಂದೇ ಕೆರೆಯನ್ನು ಅದೇ ಮಕ್ಕಳು ಅದೇ ಜಾಗದಲ್ಲಿ, ಅದೇ ವಿಧಾನದಿಂದ ಮಳೆಗಾಲದಿಂದ ಬೇಸಿಗೆಯವರೆಗೆ ಅಳೆದು, ಕಂಡದ್ದನ್ನು ತರಗತಿಯ ಪ್ರಯೋಗಗಳ ಮೂಲಕ ಕಡಲಿಗೆ ಜೋಡಿಸಿಕೊಳ್ಳುವುದು ಹೆಚ್ಚು ವಿಜ್ಞಾನವನ್ನು ಕಲಿಸುತ್ತದೆ.

ಮೊದಲ ಹಂತ: ಜಾಗ, ಗುಂಪು, ಅನುಮತಿ

ಜೂನ್ ತಿಂಗಳಲ್ಲೇ ಜಾಗ ಗೊತ್ತುಮಾಡಿ. ಶಾಲೆಯಿಂದ ನಡೆದು ಹೋಗಬಹುದಾದ ಕೆರೆಯೇ ಉತ್ತಮ, ಏಕೆಂದರೆ ವಾಹನ ಬೇಕಾದ ಜಾಗಕ್ಕೆ ಎರಡು ತಿಂಗಳ ನಂತರ ಯಾರೂ ಹೋಗುವುದಿಲ್ಲ. ನಗರದ ಶಾಲೆಗಳಿಗೆ ಶರಣಬಸವೇಶ್ವರ ಕೆರೆ, ಅಂದರೆ ಎಲ್ಲರ ಬಾಯಲ್ಲಿರುವ ಅಪ್ಪನ ಕೆರೆ, ಹತ್ತಿರವಿದೆ. ಆಳಂದ ಕಡೆಯವರಿಗೆ ಅಮರ್ಜಾ, ಕಾಳಗಿ ಭಾಗದವರಿಗೆ ಬೆಣ್ಣೆತೊರಾ, ಚಿಂಚೋಳಿಯವರಿಗೆ ಚಂದ್ರಂಪಳ್ಳಿ ಜಲಾಶಯಗಳಿವೆ. ಚಂದ್ರಂಪಳ್ಳಿ ವನ್ಯಜೀವಿಧಾಮದ ಒಳಗಿರುವುದರಿಂದ ಅಲ್ಲಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇವು ಯಾವುದೂ ಸಮೀಪವಿಲ್ಲದಿದ್ದರೆ ಊರ ಗೋಕಟ್ಟೆಯೂ ಆಗುತ್ತದೆ. ಚಿಕ್ಕ ನೀರಿನಲ್ಲಿ ಬದಲಾವಣೆ ಬೇಗ ಕಾಣುತ್ತದೆ ಎಂಬ ಅನುಕೂಲವೂ ಅದಕ್ಕಿದೆ.

ಹನ್ನೆರಡರಿಂದ ಹದಿನಾರು ಮಕ್ಕಳ ಗುಂಪು ಸಾಕು. ನಾಲ್ವರಿಗೊಂದು ತಂಡ ಮಾಡಿ, ಒಬ್ಬರು ಅಳೆಯುವವರು, ಒಬ್ಬರು ಬರೆಯುವವರು, ಒಬ್ಬರು ಸಾಮಾನು ನೋಡಿಕೊಳ್ಳುವವರು, ಒಬ್ಬರು ಮತ್ತೊಮ್ಮೆ ಅಳೆದು ತಾಳೆ ನೋಡುವವರು ಎಂದು ಕೆಲಸ ಹಂಚಿ, ಪ್ರತಿ ಭೇಟಿಯಲ್ಲೂ ಕೆಲಸ ಬದಲಿಸಿ. ಹುಡುಗಿಯರಿಗೆ ಬರೆಯುವ ಕೆಲಸ, ಹುಡುಗರಿಗೆ ನೀರೆತ್ತುವ ಕೆಲಸ ಎಂಬ ವಿಂಗಡಣೆ ತಾನಾಗಿಯೇ ನುಸುಳುತ್ತದೆ; ಅದನ್ನು ಮೊದಲ ದಿನವೇ ತಡೆಯಬೇಕು.

ಮುಖ್ಯಗುರುಗಳ, ಎಸ್‌ಡಿಎಂಸಿಯ ಮತ್ತು ಪ್ರತಿ ಮಗುವಿನ ಪಾಲಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೆರೆ ಪಾಲಿಕೆಯದೋ ಪಂಚಾಯಿತಿಯದೋ ನೀರಾವರಿ ಇಲಾಖೆಯದೋ ವಿಚಾರಿಸಿ ಅವರಿಗೂ ಪತ್ರ ಕೊಡಿ. ಇದರ ಜೊತೆಗೆ, ಆ ಕೆರೆಯಲ್ಲಿ ಮೀನು ಹಿಡಿಯುವವರನ್ನು ಕಂಡು ಮಾತಾಡಿ. ಎಲ್ಲಿ ಕೆಸರು ಆಳ, ಯಾವ ತಿಂಗಳಲ್ಲಿ ನೀರು ಹಸಿರಾಗುತ್ತದೆ, ಯಾವ ಹೊತ್ತಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರ ಮನೆಯ ಮಕ್ಕಳು ನಿಮ್ಮ ತರಗತಿಯಲ್ಲೇ ಇರಬಹುದು. ಇದುವರೆಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದ ಆ ಮಗು ಈ ಕೆಲಸದಲ್ಲಿ ಮುಂದೆ ಬರುವುದಕ್ಕೆ ಅವಕಾಶ ಮಾಡಿಕೊಡಿ.

ಎರಡನೆಯ ಹಂತ: ಸುರಕ್ಷತೆ

ಮಕ್ಕಳು ನೀರಿಗೆ ಇಳಿಯಬಾರದು. ಈ ಮಾರ್ಗದರ್ಶಿಯ ಎಲ್ಲ ಅಳತೆಗಳನ್ನೂ ದಡದಲ್ಲಿ ಅಥವಾ ಗಟ್ಟಿಯಾದ ಮೆಟ್ಟಿಲ ಮೇಲೆ ನಿಂತು, ಹಗ್ಗ ಕಟ್ಟಿದ ಬಕೆಟ್ಟಿನಿಂದ ನೀರೆತ್ತಿ ಮಾಡುವಂತೆ ರೂಪಿಸಲಾಗಿದೆ. ಆರು ಮಕ್ಕಳಿಗೆ ಒಬ್ಬ ವಯಸ್ಕರು, ಈಜು ಬಲ್ಲ ಒಬ್ಬರು, ದಡದಲ್ಲಿ ಉದ್ದನೆಯ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬು ಅಥವಾ ಲೈಫ್ ಜಾಕೆಟ್ ಇರಲೇಬೇಕು. ಶಹಾಬಾದ್, ವಾಡಿ, ಚಿತ್ತಾಪುರ ಭಾಗದ ಕಲ್ಲುಗಣಿಯ ಹೊಂಡಗಳಲ್ಲಿ ನಿಂತ ನೀರು ತಿಳಿಯಾಗಿ ಕಾಣುತ್ತದೆ. ಆದರೆ ಅಂಚು ನೇರವಾಗಿ ಆಳಕ್ಕೆ ಇಳಿದಿರುವುದರಿಂದ ಅಲ್ಲಿಗೆ ಯಾವ ಕಾರಣಕ್ಕೂ ಮಕ್ಕಳನ್ನು ಕರೆದೊಯ್ಯಬೇಡಿ. ಭೀಮಾ ದಂಡೆಯ ಊರಿನವರು ಇನ್ನೊಂದು ಸಂಗತಿ ನೆನಪಿಡಬೇಕು: ನಮ್ಮಲ್ಲಿ ಮಳೆಯಿಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಮಳೆಗಾಲದಲ್ಲಿ ಹೊಳೆಯ ಬದಲು ಕೆರೆಯಲ್ಲೇ ಕೆಲಸ ಇಟ್ಟುಕೊಳ್ಳಿ.

ಕೈಯಲ್ಲಿ ಗಾಯವಿರುವವರು ಕೆರೆಯ ನೀರು ಮುಟ್ಟಬಾರದು, ಏಕೆಂದರೆ ಇಲಿಜ್ವರದ ರೋಗಾಣು ಗಾಯದ ಮೂಲಕ ದೇಹ ಸೇರುತ್ತದೆ. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಸಿ. ಮಾರ್ಚ್ ನಂತರ ಬೆಳಗಿನ ಎಂಟರೊಳಗೆ ಹೊರಗಿನ ಕೆಲಸ ಮುಗಿಸಿ. ಮಧ್ಯಾಹ್ನದ ಅಳತೆಯನ್ನು ಜುಲೈಯಿಂದ ಫೆಬ್ರವರಿಯವರೆಗೆ ಮಾತ್ರ ಇಟ್ಟುಕೊಳ್ಳಿ.

ಮೂರನೆಯ ಹಂತ: ಉಪಕರಣ

ಹೆಚ್ಚಿನವನ್ನು ಮಕ್ಕಳೇ ತಯಾರಿಸಬಹುದು. ನೀರಿನ ತಿಳಿತನ ಅಳೆಯಲು ಇಟಲಿಯ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗಿನಿಂದ ಬಿಳಿ ತಟ್ಟೆಗಳನ್ನು ಇಳಿಬಿಟ್ಟು ನೋಡಿದರು. ಇಂದಿಗೂ ಸಮುದ್ರ ಮತ್ತು ಸರೋವರಗಳ ಅಧ್ಯಯನದಲ್ಲಿ ಸೆಕ್ಕಿ ತಟ್ಟೆ ಬಳಕೆಯಲ್ಲಿದೆ. ನಾವು ದೋಣಿಯಲ್ಲಿ ಹೋಗುವುದಿಲ್ಲವಾದ್ದರಿಂದ ಅದರ ಕೊಳವೆಯ ರೂಪವನ್ನು ಮಾಡಿಕೊಳ್ಳೋಣ. ಒಂದು ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಭದ್ರವಾಗಿ ಮುಚ್ಚಿ, ಒಳಗೆ ತಳದಲ್ಲಿ ಕಪ್ಪು ಬಿಳುಪಿನ ನಾಲ್ಕು ಭಾಗಗಳಾಗಿ ಬಣ್ಣ ಹಚ್ಚಿದ ಚಿಕ್ಕ ಬಿಲ್ಲೆ ಅಂಟಿಸಿ, ಹೊರಗೆ ಸೆಂಟಿಮೀಟರ್ ಪಟ್ಟಿ ಹಚ್ಚಿ. ನೀರನ್ನು ನಿಧಾನವಾಗಿ ಸುರಿಯುತ್ತ ಮೇಲಿನಿಂದ ನೋಡಿದಾಗ ಬಿಲ್ಲೆ ಎಷ್ಟು ಎತ್ತರಕ್ಕೆ ಮರೆಯಾಗುತ್ತದೆಯೋ ಅದೇ ಅಂದಿನ ಅಳತೆ.

ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಹಿಡಿಯುವ ಬಲೆಗೆ ಬೇಕಾದ ಬಟ್ಟೆ ಮದುವೆ ಪತ್ರಿಕೆ ಮುದ್ರಿಸುವವರ ಬಳಿ ಸಿಗುತ್ತದೆ. ಸ್ಕ್ರೀನ್ ಪ್ರಿಂಟಿಂಗಿಗೆ ಬಳಸುವ ಜಾಲರಿ ಬಟ್ಟೆಯ ರಂಧ್ರಗಳು ಬಹಳ ಸಣ್ಣವು. ಹೊಸ ತುಂಡನ್ನೇ ಕೇಳಿ, ಬಳಸಿದ್ದರಲ್ಲಿ ಶಾಯಿ ಉಳಿದಿರುತ್ತದೆ. ಸುಮಾರು 20 ಸೆಂಟಿಮೀಟರ್ ಅಗಲದ ತಂತಿ ಬಳೆಗೆ ಅದನ್ನು ಶಂಕುವಿನಾಕಾರದಲ್ಲಿ ಹೊಲಿಸಿ, ತುದಿಗೆ ಚಿಕ್ಕ ಬಾಟಲಿ ಕಟ್ಟಿ. ಕರಗಿದ ಲವಣ ಅಳೆಯಲು ಆರ್‌ಒ ಫಿಲ್ಟರ್ ರಿಪೇರಿಯವರು ಜೇಬಿನಲ್ಲಿಟ್ಟುಕೊಳ್ಳುವ ಟಿಡಿಎಸ್ ಪೆನ್ನು ಸಾಕು. ಪಾದರಸವಿಲ್ಲದ ಥರ್ಮಾಮೀಟರ್, ನೀರು ಎಷ್ಟು ಆಮ್ಲೀಯ ಎಂದು ತೋರಿಸುವ ಪಿ.ಎಚ್. ಪಟ್ಟಿ, ಬಿಳಿ ಟ್ರೇ, ಕೈಮಸೂರ ಇರಲಿ. ದುಡ್ಡು ಕೊಟ್ಟು ಕೊಳ್ಳಲೇಬೇಕಾದದ್ದು ಕರಗಿದ ಆಮ್ಲಜನಕ ಅಳೆಯುವ ಕಿಟ್. ಅದಕ್ಕೆ ಜಿಪುಣತನ ಬೇಡ. ಶಾಲೆಯಲ್ಲಿ ಸೂಕ್ಷ್ಮದರ್ಶಕ ಕೆಟ್ಟಿದ್ದರೆ, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಫೋಲ್ಡ್‌ಸ್ಕೋಪ್ 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ನಾಲ್ಕನೆಯ ಹಂತ: ಹದಿನೈದು ದಿನಕ್ಕೊಮ್ಮೆ ಅಳತೆ

ದಡದಲ್ಲಿ ಒಂದು ಕಲ್ಲಿಗೆ ಬಣ್ಣ ಹಚ್ಚಿ ಗುರುತು ಮಾಡಿ. ಪ್ರತಿ ಸಲ ಅಲ್ಲಿಂದಲೇ ನೀರೆತ್ತಬೇಕು. ಮೊದಲು ಹವೆ, ಗಾಳಿ, ಹಿಂದಿನ ಎರಡು ದಿನಗಳ ಮಳೆ, ನೀರಿನ ಬಣ್ಣ ಮತ್ತು ವಾಸನೆ ಬರೆಯಲಿ. ನಂತರ ಉಷ್ಣಾಂಶ, ತಿಳಿತನ, ಪಿ.ಎಚ್., ಟಿಡಿಎಸ್. ಪ್ರತಿಯೊಂದನ್ನೂ ಮೂರು ಸಲ ಅಳೆದು ಮೂರನ್ನೂ ಬರೆಯಬೇಕು. ಒಂದು ಅಂಕಿ ಉಳಿದೆರಡಕ್ಕೆ ಹೊಂದದಿದ್ದರೆ ಅಳಿಸದೆ, ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯುವ ಅಭ್ಯಾಸ ಬೆಳೆಯಲಿ.

ಕರಗಿದ ಆಮ್ಲಜನಕದ ಅಳತೆಗೆ ಹೆಚ್ಚು ಸಮಯ ಕೊಡಿ, ಮಕ್ಕಳ ಆಲೋಚನೆಯನ್ನು ಬದಲಿಸುವ ಅಳತೆ ಅದು. ಬಾಟಲಿಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿ, ಗುಳ್ಳೆ ಉಳಿಯದಂತೆ ತುಂಬಿ, ಒಳಗೇ ಮುಚ್ಚಳ ಹಾಕಬೇಕು. ಕಿಟ್ಟಿನ ಮೊದಲೆರಡು ದ್ರಾವಣಗಳನ್ನು ಅಲ್ಲೇ ಹಾಕಬೇಕು, ತಡವಾದರೆ ಅಂಕಿ ಬದಲಾಗುತ್ತದೆ. ಆಮ್ಲದ ಹನಿ ಹಾಕುವ ಕೆಲಸ ಶಿಕ್ಷಕರದೇ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಅಂದರೆ ಬೇಸಿಗೆಯಲ್ಲಿ ಮೀನಿನ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕಾದಾಗಲೇ ನೀರಿನಲ್ಲಿ ಅದು ಕಡಿಮೆ ಇರುತ್ತದೆ.

ಚಳಿಗಾಲದ ಒಂದು ದಿನ ಸೂರ್ಯ ಹುಟ್ಟುವ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಅಳೆಯಿಸಿ. ಪಾಚಿ ತುಂಬಿದ ಹಸಿರು ಕೆರೆಯಲ್ಲಿ ಬೆಳಗಿನ ಅಂಕಿ ತೀರ ಕಡಿಮೆ, ಮಧ್ಯಾಹ್ನದ ಅಂಕಿ ಹಲವು ಸಲ ನೀರು ಸಹಜವಾಗಿ ಹಿಡಿಯುವುದಕ್ಕಿಂತಲೂ ಹೆಚ್ಚು ಇರುತ್ತದೆ, ಪಿ.ಎಚ್. ಕೂಡ ಮಧ್ಯಾಹ್ನ ಏರುತ್ತದೆ. ರಾತ್ರಿಯಿಡೀ ಪಾಚಿ, ಮೀನು, ಕೊಳೆಸುವ ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡಿವೆ, ಹಗಲು ಪಾಚಿ ಬೆಳಕಿನಿಂದ ಆಹಾರ ತಯಾರಿಸಿದೆ. ಮೀನು ಬೆಳಗಿನ ಜಾವವೇ ಏಕೆ ಸಾಯುತ್ತದೆ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಸುಮ್ಮನಿರಿ. ಉತ್ತರ ಅವರ ಪುಸ್ತಕದಲ್ಲೇ ಇದೆ. ಅಲ್ಲಿಂದ ಕಡಲಿಗೆ ಹೋಗುವುದು ಸುಲಭ: ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯ ಸುಮಾರು ಅರ್ಧ ಭಾಗ ಸಮುದ್ರದಲ್ಲಿ ತೇಲುವ ಇಂಥದೇ ಸೂಕ್ಷ್ಮ ಸಸ್ಯಗಳದು.

ಐದನೆಯ ಹಂತ: ಕಣ್ಣಿಗೆ ಕಾಣುವ ಮತ್ತು ಕಾಣದ ಜೀವಿಗಳು

ಹತ್ತು ಲೀಟರಿನ ಹತ್ತು ಬಕೆಟ್ ನೀರನ್ನು ಬಲೆಯ ಮೂಲಕ ಸುರಿದರೆ ನೂರು ಲೀಟರಿನ ಜೀವಿಗಳು ತುದಿಯ ಬಾಟಲಿಗೆ ಇಳಿಯುತ್ತವೆ. ಹಸಿರು ಎಳೆಗಳು, ಗಾಜಿನಂಥ ಚಿಪ್ಪಿನ ಡಯಾಟಮ್‌ಗಳು, ಜಿಗಿಯುವ ಡಾಫ್ನಿಯಾ, ಒಂಟಿ ಕಣ್ಣಿನ ಸೈಕ್ಲಾಪ್ಸ್ ಕಾಣುತ್ತವೆ. ಸೈಕ್ಲಾಪ್ಸ್ ಕಂಡಾಗ ನಾರು ಹುಣ್ಣಿನ ಚರಿತ್ರೆಯನ್ನು ಹೇಳಲೇಬೇಕು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಜನ ಮೆಟ್ಟಿಲುಬಾವಿಯ ನೀರಿನೊಂದಿಗೆ ಈ ಜೀವಿಯನ್ನು ನುಂಗಿ, ಅದರೊಳಗಿನ ಹುಳುವಿನ ಮರಿಯಿಂದ ನರಳುತ್ತಿದ್ದರು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು ಅದನ್ನು ತಡೆದ ಮುಖ್ಯ ಉಪಾಯಗಳಲ್ಲಿ ಒಂದು. ದೇಶದ ಕೊನೆಯ ಪ್ರಕರಣ 1996ರಲ್ಲಿ ದಾಖಲಾಯಿತು, 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಅಜ್ಜ ಅಜ್ಜಿಯರನ್ನು ಕೇಳಿ ಬರಲು ಮಕ್ಕಳಿಗೆ ಹೇಳಿ. ಸೈಕ್ಲಾಪ್ಸ್‌ನ ಕಡಲ ಬಂಧುಗಳಾದ ಕೋಪಿಪಾಡ್‌ಗಳು ಸಮುದ್ರದ ಅತ್ಯಂತ ಹೇರಳ ಪ್ರಾಣಿಗಳಲ್ಲಿ ಸೇರಿವೆ. ಕರಾವಳಿಯವರ ಬೂತಾಯಿ, ಬಂಗುಡೆ ಮೀನುಗಳ ಆಹಾರದಲ್ಲಿ ಅವಕ್ಕೆ ದೊಡ್ಡ ಪಾಲಿದೆ.

ದಡದ ಕೆಸರನ್ನು ಬಿಳಿ ಟ್ರೇಯಲ್ಲಿ ಹರಡಿದರೆ ಹುಳುಗಳು ಸಿಗುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಬಾಲದಲ್ಲಿ ಮೂರು ಎಳೆಗಳಿರುವ ಮೇಫ್ಲೈ ಮರಿಗಳು, ಕೆಂಪು ದಾರದಂತಹ ಹುಳುಗಳು. ಮೇಫ್ಲೈ ಮರಿಗಳಲ್ಲಿ ಹೆಚ್ಚಿನವು ಕೊಳೆತ ನೀರಿನಲ್ಲಿ ಬಾಳವು. ಕೆಂಪು ಹುಳುಗಳು ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಿದ್ದರೂ ಬದುಕುತ್ತವೆ. ಎಣಿಸಿ, ಚಿತ್ರ ಬಿಡಿಸಿ, ಮರಳಿ ನೀರಿಗೆ ಬಿಡಬೇಕು.

ಆರನೆಯ ಹಂತ: ಕಡಲನ್ನು ತರಗತಿಗೆ ತರುವುದು

ಒಂದು ಲೀಟರ್ ನೀರಿನಲ್ಲಿ 35 ಗ್ರಾಂ ಉಪ್ಪು ಕರಗಿಸಿದರೆ ಲವಣಾಂಶದ ಮಟ್ಟಿಗೆ ಸಮುದ್ರದ ನೀರು ಸಿದ್ಧವಾಯಿತು. ನಿಜವಾದ ಕಡಲ ಲವಣದಲ್ಲಿ ಸೋಡಿಯಂ ಮತ್ತು ಕ್ಲೋರಿನ್ ಪಾಲು ತೂಕದಲ್ಲಿ ಸುಮಾರು ಶೇ 85. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ ಮುಂತಾದವು. ಟಿಡಿಎಸ್ ಪೆನ್ನು ಇಷ್ಟು ಉಪ್ಪನ್ನು ತೋರಿಸಲಾರದು, ಹಾಗಾಗಿ ಹತ್ತು ಪಟ್ಟು ತೆಳುಮಾಡಿ ಅಳೆಯಲಿ. ಇದರಲ್ಲಿ ತಾಜಾ ಮೊಟ್ಟೆ ತೇಲುತ್ತದೆಯೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದು ಮುಳುಗುತ್ತದೆ, ಏಕೆಂದರೆ ತಾಜಾ ಮೊಟ್ಟೆ ಸಮುದ್ರದ ನೀರಿಗಿಂತ ಸಾಂದ್ರ. ಇನ್ನೆಷ್ಟು ಉಪ್ಪು ಬೇಕು ಎಂಬುದನ್ನು ಅವರೇ ಕಂಡುಹಿಡಿಯಲಿ.

ಈ ಇಡೀ ಕಾರ್ಯಕ್ರಮದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಎರೆಮಣ್ಣಿನ ಪ್ರಯೋಗ. ಹೊಲದ ಕಪ್ಪು ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿಯಿರಿ. ಒಂದೇ ಅಳತೆಯ ಆರು ಪಾರದರ್ಶಕ ಬಾಟಲಿಗಳಿಗೆ ತಲಾ ಒಂದು ಲೀಟರ್ ಮಳೆನೀರು ಅಥವಾ ಆರ್‌ಒ ನೀರು ತುಂಬಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಮೊದಲೇ ಲವಣವಿರುವುದರಿಂದ ಪ್ರಯೋಗ ಕೆಡುತ್ತದೆ. ಒಂದರಲ್ಲಿ ಉಪ್ಪು ಬೇಡ. ಉಳಿದವಕ್ಕೆ 1, 2, 5, 10, 35 ಗ್ರಾಂ ಉಪ್ಪು ಹಾಕಿ ಕರಗಿಸಿ, ಪ್ರತಿಯೊಂದಕ್ಕೂ ಒಂದು ಚಮಚ ಮಣ್ಣು ಹಾಕಿ, ಒಟ್ಟಿಗೆ ಕುಲುಕಿ, ಕಿಟಕಿಯ ಬಳಿ ಸಾಲಾಗಿ ಇಡಿ. ಐದು ನಿಮಿಷ, ಹದಿನೈದು ನಿಮಿಷ, ಒಂದು ಗಂಟೆ, ಮರುದಿನ ಹೀಗೆ ಒಂದೇ ಕೋನದಿಂದ ಫೋಟೊ ತೆಗೆಯಲಿ. ಉಪ್ಪಿಲ್ಲದ ಬಾಟಲಿ ಮರುದಿನವೂ ಕದಡಿರುತ್ತದೆ. ಉಪ್ಪು ಹೆಚ್ಚಿರುವುದರಲ್ಲಿ ಮಣ್ಣು ಹಿಂಜಿದ ಹತ್ತಿಯ ಚೂರುಗಳಂತೆ ಗಂಟುಕಟ್ಟಿ ಕೆಳಗಿಳಿದು ಮೇಲಿನ ನೀರು ತಿಳಿಯಾಗುತ್ತದೆ.

ಕಾರಣವನ್ನು ಹೀಗೆ ವಿವರಿಸಬಹುದು. ಎರೆಮಣ್ಣಿನ ಜೇಡಿಕಣಗಳ ಮೈಮೇಲೆ ಋಣ ವಿದ್ಯುದಾವೇಶವಿದೆ. ಒಂದನ್ನೊಂದು ದೂಡುವುದರಿಂದ ಅವು ಕೂಡಿಕೊಳ್ಳದೆ ತೇಲುತ್ತವೆ. ಉಪ್ಪಿನ ಧನ ಅಯಾನುಗಳು, ಅಂದರೆ ಧನ ಆವೇಶದ ಕಣಗಳು, ಆ ಆವೇಶವನ್ನು ಮರೆಮಾಡಿದಾಗ ಕಣಗಳು ಹತ್ತಿರ ಬಂದು ಅಂಟಿಕೊಂಡು, ಭಾರವಾಗಿ ಮುಳುಗುತ್ತವೆ. ಮಳೆಗಾಲದ ಕೆಂಪು ನೀರಿಗೆ ಮನೆಯಲ್ಲಿ ಪಟಕ ಆಡಿಸುವುದರ ಹಿಂದೆಯೂ ಇದೇ ತತ್ವವಿದೆ, ಪಟಕದ ಅಲ್ಯೂಮಿನಿಯಂ ಅಯಾನು ಸೋಡಿಯಂಗಿಂತ ಬಹಳ ಬಲವಾದದ್ದು. ಈಗ ನಕ್ಷೆ ತೆರೆದು ಭೀಮೆಯನ್ನು ಬೆರಳಿನಿಂದ ಹಿಂಬಾಲಿಸಲು ಹೇಳಿ. ನಮ್ಮ ಹೊಲದಿಂದ ಜುಲೈಯಲ್ಲಿ ಕೊಚ್ಚಿಹೋದ ಮಣ್ಣಿನಲ್ಲಿ ಜಲಾಶಯಗಳ ತಳ ಸೇರದೆ ಉಳಿದದ್ದು ಕೃಷ್ಣೆಯ ಮುಖಜ ಭೂಮಿಯ ಹತ್ತಿರ ಉಪ್ಪುನೀರನ್ನು ಕೂಡಿದಾಗ ಏನಾಗುತ್ತದೆ ಎಂದು ಕೇಳಿ. ಬಾಟಲಿಯಲ್ಲಿ ಕಂಡದ್ದನ್ನೇ ಅವರು ಹೇಳುತ್ತಾರೆ, ನದಿ ಕಡಲನ್ನು ಸೇರುವಲ್ಲಿ ಕೆಸರು ಏಕೆ ಕೂರುತ್ತದೆ ಎಂಬುದು ಅವರದೇ ತಿಳಿವಳಿಕೆಯಾಗುತ್ತದೆ.

ಸುಣ್ಣದ ಪ್ರಯೋಗಕ್ಕೆ ಪಾನ್ ಅಂಗಡಿಯ ಸುಣ್ಣ ಸಾಕು. ಚಿಟಿಕೆಯಷ್ಟನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ಇದಕ್ಕೆ ಸಾದಾ ಸೋಡಾವನ್ನು ಹನಿಹನಿಯಾಗಿ ಸೇರಿಸಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಬಿಳಿಪು ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ್ ಪರಸಿಯ ಮುಖ್ಯ ದ್ರವ್ಯವೂ, ಶಂಖ ಮತ್ತು ಹವಳದ ದ್ರವ್ಯವೂ ಅದೇ. ಪರಸಿಯ ತುಂಡಿನ ಪುಡಿಗೆ ನಿಂಬೆರಸ ಬಿಟ್ಟರೆ ಗುಳ್ಳೆ ಏಳುವುದನ್ನು ತೋರಿಸಿ. ನಂತರ ಬೆಳ್ಳಗಾದ ನೀರಿಗೆ ಸೋಡಾ ಸೇರಿಸುತ್ತಲೇ ಹೋಗಿ: ಅದು ಮತ್ತೆ ತಿಳಿಯಾಗುತ್ತದೆ, ಹೆಚ್ಚಾದ ಇಂಗಾಲದ ಡೈಆಕ್ಸೈಡ್ ಕಾರ್ಬೊನೇಟನ್ನು ಕರಗಿಸುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 8.2 ಇದ್ದ ಕಡಲ ಮೇಲ್ಮೈಯ ಪಿ.ಎಚ್. ಈಗ ಸುಮಾರು 8.1. ನೋಡಲು ಸಣ್ಣ ಇಳಿಕೆ, ಆದರೆ ಆಮ್ಲೀಯತೆಗೆ ಕಾರಣವಾದ ಹೈಡ್ರೊಜನ್ ಅಯಾನುಗಳು ಶೇ 30ರ ಆಸುಪಾಸು ಹೆಚ್ಚಿದವು ಎಂದರ್ಥ. ಸಮುದ್ರ ಆಮ್ಲವಾಗಿಬಿಟ್ಟಿಲ್ಲ, ಅದು ಇನ್ನೂ ಪ್ರತ್ಯಾಮ್ಲೀಯವೇ. ಚಿಪ್ಪು ಕಟ್ಟುವ ಜೀವಿಗಳಿಗೆ ಕೆಲಸ ಕಷ್ಟವಾಗುತ್ತಿದೆ ಎಂದು ಸ್ಪಷ್ಟವಾಗಿ ಹೇಳಿ. ಪರಸಿಯಲ್ಲಿ ಶಂಖದ ಗುರುತು ಹುಡುಕುವ ಮಕ್ಕಳಿಗೆ ಅದು ಸಿಗುವುದಿಲ್ಲ. ಆ ಕಲ್ಲು 54 ಕೋಟಿ ವರ್ಷಗಳಿಗಿಂತ ಹಳೆಯದು, ಶಂಖ ಕಪ್ಪೆಚಿಪ್ಪುಗಳಂಥ ಪ್ರಾಣಿಗಳು ಆಗ ಇನ್ನೂ ಹುಟ್ಟಿರಲಿಲ್ಲ.

ಉಬ್ಬರ ಇಳಿತಕ್ಕೆ ಕಾರವಾರ ಬಂದರಿನ ಒಂದು ತಿಂಗಳ ಉಬ್ಬರದ ವೇಳಾಪಟ್ಟಿ ತೆಗೆದು ಗ್ರಾಫ್ ಬಿಡಿಸಲಿ. ಎಳ್ಳಮಾವಾಸ್ಯೆ ಬರುವ ತಿಂಗಳನ್ನೇ ಆರಿಸಿ. ನಾವು ಹೊಲದಲ್ಲಿ ಭಜ್ಜಿ, ಕಡುಬು ಉಣ್ಣುವ ದಿನಗಳಲ್ಲೇ ಕಾರವಾರದಲ್ಲಿ ಉಬ್ಬರ ಇಳಿತಗಳ ಅಂತರ ಹಿಗ್ಗಿರುವುದು, ಅಷ್ಟಮಿಯ ಹೊತ್ತಿಗೆ ಕುಗ್ಗುವುದು, ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದು ಗ್ರಾಫಿನಲ್ಲಿ ಎದ್ದು ಕಾಣುತ್ತದೆ.

ಮೀನಿನ ಪಾಠ ಎಲ್ಲ ಮನೆಗಳಿಗೂ ಒಗ್ಗುವುದಿಲ್ಲ, ಆದ್ದರಿಂದ ಅದನ್ನು ಐಚ್ಛಿಕವಾಗಿಡಿ. ಒಪ್ಪಿದವರು ಮಾರುಕಟ್ಟೆಯ ಒಂದು ರೋಹು ಮತ್ತು ಒಂದು ಬಂಗುಡೆಯ ಕಿವಿರು, ಮೈಯಾಕಾರ, ಹುರುಪೆ ಹೋಲಿಸಲಿ. ಉಳಿದವರು ಆಲೂಗಡ್ಡೆಯ ಬಿಲ್ಲೆಗಳನ್ನು ಸಾದಾ ನೀರಿನಲ್ಲೂ ಉಪ್ಪುನೀರಿನಲ್ಲೂ ಇಟ್ಟು ತೂಕದ ಬದಲಾವಣೆ ನೋಡಲಿ. ಉಪ್ಪು ಹೆಚ್ಚಿರುವ ಕಡೆಗೆ ನೀರು ಸರಿಯುವುದರಿಂದ ಸಮುದ್ರದ ಎಲುಬುಮೀನು ನೀರು ಕುಡಿದು ಕಿವಿರಿನಿಂದ ಉಪ್ಪು ಹೊರಹಾಕುತ್ತದೆ, ಕೆರೆಯ ಮೀನು ಹೆಚ್ಚಾದ ನೀರನ್ನು ಮೂತ್ರವಾಗಿ ಹೊರಹಾಕುತ್ತದೆ ಎಂಬುದು ಎರಡೂ ಗುಂಪಿಗೆ ತಿಳಿಯುತ್ತದೆ.

ಏಳನೆಯ ಹಂತ: ನೆರವು ಮತ್ತು ವರದಿ

ನೆರವು ಹತ್ತಿರದಲ್ಲೇ ಇದೆ. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಪಕ್ಕದ ಬೀದರಿನಲ್ಲಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು ಅದರ ಅಂಗ. ಇನ್‌ಕಾಯ್ಸ್ ಎಂದು ಕರೆಯುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರವಿರುವುದು ಕಡಲಿಲ್ಲದ ಹೈದರಾಬಾದಿನಲ್ಲಿ. ದೇಶಕ್ಕೆ ಸುನಾಮಿ ಮುನ್ನೆಚ್ಚರಿಕೆ 2007ರಿಂದ ಅಲ್ಲಿಂದಲೇ ಹೊರಡುತ್ತದೆ. 2,000 ಮೀಟರ್ ಆಳದವರೆಗೆ ಇಳಿದು, ಸುಮಾರು ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಷ್ಣಾಂಶ ಮತ್ತು ಲವಣಾಂಶ ಕಳಿಸುವ ಆರ್ಗೊ ತೇಲುಯಂತ್ರಗಳ ಅಂಕಿಗಳು ಯಾರಿಗಾದರೂ ಉಚಿತ. ಬಂಗಾಳ ಕೊಲ್ಲಿಯ ಒಂದು ತೇಲುಯಂತ್ರವನ್ನು ತರಗತಿಯವರು ಆರಿಸಿಕೊಂಡು, ಅದರ ಉಷ್ಣಾಂಶವನ್ನು ತಮ್ಮ ಕೆರೆಯ ಉಷ್ಣಾಂಶದ ಪಕ್ಕದಲ್ಲಿ ಬರೆಯುತ್ತ ಹೋದರೆ, ಅದೇ ಬಿಸಿಲಿಗೆ ಕೆರೆ ಎಷ್ಟು ಬೇಗ ಕಾಯುತ್ತದೆ, ಕಡಲು ಎಷ್ಟು ನಿಧಾನ ಎಂಬುದು ಡಿಸೆಂಬರಿನೊಳಗೆ ಸ್ಪಷ್ಟವಾಗುತ್ತದೆ.

ಅಳತೆಯ ಪುಸ್ತಕ ಶಾಲೆಯದು, ಯಾವ ಮಗುವಿನದೂ ಅಲ್ಲ. ವರ್ಷಾಂತ್ಯದಲ್ಲಿ ಅದು ಮುಂದಿನ ತಂಡಕ್ಕೆ ಹೋಗಬೇಕು, ಹಳೆಯ ತಂಡದವರು ಹೊಸಬರ ಜೊತೆ ಕನಿಷ್ಠ ಎರಡು ಅಳತೆಗಳಲ್ಲಿ ನಿಂತು ವಿಧಾನ ತೋರಿಸಬೇಕು. 10ರಿಂದ 17 ವರ್ಷದವರಿಗಾಗಿ ನಡೆಯುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಇದೇ ಪುಸ್ತಕದಿಂದ ಯೋಜನೆ ಸಿದ್ಧಪಡಿಸಬಹುದು. ಹಳ್ಳಿಯ ಶಾಲೆಯವರು ಮಕ್ಕಳ ಗ್ರಾಮಸಭೆಯಲ್ಲಿ ಗ್ರಾಫುಗಳನ್ನು ಗೋಡೆಗೆ ಹಚ್ಚಿ ವಿವರಿಸಬಹುದು. ಅಲ್ಲಿ ಯಾರಾದರೂ ಈ ನೀರು ಕುಡಿಯಲು ಯೋಗ್ಯವೇ ಎಂದು ಕೇಳಿಯೇ ಕೇಳುತ್ತಾರೆ. ಶಾಲೆಯ ಕಿಟ್ಟಿನ ಬಲದ ಮೇಲೆ ಅದಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಿ. ರೋಗಾಣು, ಫ್ಲೋರೈಡ್, ನೈಟ್ರೇಟ್‌ಗಳನ್ನು ನಾವು ಅಳೆದಿಲ್ಲ; ನಾವು ಅಳೆದದ್ದು ಇಷ್ಟು, ಉಳಿದದ್ದಕ್ಕೆ ಮಾದರಿಯನ್ನು ಕುಡಿಯುವ ನೀರಿನ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ ಎಂದು ಹೇಳಿ, ಆ ಮಾದರಿಯನ್ನು ಶುದ್ಧ ಬಾಟಲಿಯಲ್ಲಿ ತುಂಬಿ, ದಿನಾಂಕ ಮತ್ತು ಜಾಗದ ಚೀಟಿ ಅಂಟಿಸಿ, ಪಂಚಾಯಿತಿಯವರ ಕೈಗೆ ಅವರೇ ಕೊಡಲಿ.